ದೇವರಾಯ ನೋಡಿದ ಎರಡು ದೋಣಿಗಳು

ತಂದೆ ತೀರಿಕೊಂಡ ದಿನದಿಂದ ದೇವರಾಯನ ತಾಯಿ ಮಾದೇವಮ್ಮ ಮಾತಾಡಿರಲಿಲ್ಲ. ಐದು ತಿಂಗಳಾಗಿತ್ತು. ಬಡಿಸಿದರೆ ಉಣ್ಣುವರು, ಕರೆದರೆ ಏಳುವರು, ಅಷ್ಟೇ.

ಕಾಯಿಲೆಯೇನಿಲ್ಲ, ಸ್ವಲ್ಪ ಹೊರಗೆ ಕರೆದುಕೊಂಡು ಹೋಗಿ ಎಂದಿದ್ದರು ಡಾಕ್ಟರು.

ದೋಣಿಯೊಂದನ್ನು ಕೊಂಡರೆ ಭಾನುವಾರ ಮನೆಯವರೆಲ್ಲ ಹೊಳೆಯ ಮೇಲೆ ಹೋಗಿ ಬರಬಹುದು ಎಂದು ದೇವರಾಯನಿಗೆ ಅನ್ನಿಸಿತು. ಮೀನುಗಾರರು ಬಳಸಿ ಬಿಟ್ಟ ಎರಡು ದೋಣಿಗಳು ಹೊಳೆದಂಡೆಯ ದಕ್ಕೆಯಲ್ಲಿ ಮಾರಾಟಕ್ಕಿದ್ದವು. ಒಂದು ಮರದ್ದು. ಅಗಲವಾಗಿತ್ತು, ಅಲುಗಾಡುತ್ತಿರಲಿಲ್ಲ. ಆದರೆ ತಳದಲ್ಲಿ ನೀರು ಜಿನುಗುತ್ತಿತ್ತು. ಇನ್ನೊಂದು ಫೈಬರಿನದು, ಎಂಜಿನ್ ಇತ್ತು. ಆದರೆ ಯಾರಾದರೂ ಎದ್ದು ನಿಂತರೆ ವಾಲುತ್ತಿತ್ತು.

ಬೆಳಿಗ್ಗೆ ಒಂದನ್ನು ನೋಡುವನು, ಸಂಜೆ ಇನ್ನೊಂದನ್ನು. ಬಡಗಿಯನ್ನು ಕೇಳಿದ, ಮೆಕ್ಯಾನಿಕ್ಕನ್ನು ಕೇಳಿದ. ಮರದ್ದೇ ಸರಿ ಎಂದುಕೊಂಡು ಹೊರಟರೆ ಮನೆ ಮುಟ್ಟುವಷ್ಟರಲ್ಲಿ ಫೈಬರಿನದೇ ವಾಸಿ ಅನ್ನಿಸುತ್ತಿತ್ತು. ಯಾವುದೆಂದು ಹೆಂಡತಿ ನೇತ್ರಾವತಿ ಕೇಳುವುದನ್ನೇ ಬಿಟ್ಟಳು.

ಕೊನೆಗೆ ಹೊಳೆಯ ದಂಡೆಯ ಆಶ್ರಮಕ್ಕೆ, ತನ್ನ ಗುರು ಅನಂತಯ್ಯನವರ ಬಳಿಗೆ ಹೋದ. ಅವರು ಹರಿವೆ ಸೊಪ್ಪು ಸೋಸುತ್ತಾ ಎಲ್ಲವನ್ನೂ ಕೇಳಿಸಿಕೊಂಡರು.

"ಮನೆಯವರನ್ನು ಕರೆದುಕೊಂಡು ಬಾ" ಎಂದರು. "ಎರಡರಲ್ಲೂ ಒಂದೊಂದು ಸುತ್ತು ಹೋಗೋಣ."

ಭಾನುವಾರ ಎಲ್ಲರೂ ದಕ್ಕೆಗೆ ಬಂದರು. ಮೊದಲು ಮರದ ದೋಣಿ. ಹುಟ್ಟು ಹಾಕುತ್ತಲೇ ದೇವರಾಯ ಮತ್ತೆ ಮತ್ತೆ ಬಗ್ಗಿ ತಳದ ನೀರು ನೋಡಿದ. ಆಮೇಲೆ ಫೈಬರಿನದು. ದಾರಿಯುದ್ದಕ್ಕೂ ಎಂಜಿನ್ ಕಡೆಗೇ ಕಿವಿ ಕೊಟ್ಟು ಕುಳಿತಿದ್ದ.

ದಡಕ್ಕೆ ಬಂದ ಮೇಲೆ ಗುರುಗಳು ಏನು ಕಂಡೆ ಎಂದು ಕೇಳಿದರು.

ನೀರು ಜಿನುಗುವುದು ಎರಡು ಹಲಗೆ ಸೇರುವ ಕಡೆ, ಎಂಜಿನ್ ನಡುವೆ ನಡುವೆ ತೊದಲುತ್ತದೆ ಎಂದು ದೇವರಾಯ ವಿವರವಾಗಿ ಹೇಳಿದ. ಆದರೂ ಯಾವುದೆಂದು ತೀರ್ಮಾನವಾಗುತ್ತಿಲ್ಲ ಎಂದ.

"ಅಮ್ಮ ಏನು ಹೇಳಿದರು?"

"ಅಮ್ಮ ಮಾತಾಡುವುದಿಲ್ಲವಲ್ಲ, ಗುರುಗಳೇ."

ಗುರುಗಳು ನೇತ್ರಾವತಿಯ ಕಡೆ ನೋಡಿದರು. ಅವಳ ಕಣ್ಣು ತುಂಬಿತ್ತು.

"ನಿಮಗೆ ಕೇಳಿಸಲಿಲ್ಲವಾ?" ಎಂದಳು ಗಂಡನಿಗೆ. "ತಾನು ಮದುವೆಯಾಗಿ ಬಂದದ್ದು ಇದೇ ಹೊಳೆಯ ಮೇಲೆ ಅಂತ ಮೆಲ್ಲಗೆ ಅಂದರು ಅತ್ತೆ, ಮೊದಲ ದೋಣಿಯಲ್ಲಿ. ಎರಡನೆಯದರಲ್ಲಿ, 'ಅವತ್ತು ನಾನು ಹೆದರಿದ್ದೆ, ನಿನ್ನ ಮಾವ ದಡ ಮುಟ್ಟುವ ತನಕ ನನ್ನ ಸೆರಗು ಹಿಡಿದುಕೊಂಡಿದ್ದರು' ಅಂದರು."

ದೇವರಾಯ ತಾಯಿಯ ಮುಂದೆ ಮಂಡಿಯೂರಿದ. ಇನ್ನೊಂದು ಸಲ ಹೇಳು ಎಂದು ಬೇಡಿಕೊಂಡ. ಮಾದೇವಮ್ಮ ಹೊಳೆಯನ್ನೇ ನೋಡುತ್ತಿದ್ದರು. ತುಟಿ ಅಲುಗಲಿಲ್ಲ.

ಅವನು ಎದ್ದ, ದಡದ ಮೇಲೆ ಅತ್ತಿಂದಿತ್ತ ನಡೆದ. ಐದು ತಿಂಗಳು ಕಾದ ಮಾತು ತನ್ನ ಬೆನ್ನ ಹಿಂದೆಯೇ ಬಂದು ಹೋಗಿತ್ತು.

"ಇನ್ನು ಮಾತಾಡುತ್ತಾರಾ, ಗುರುಗಳೇ?"

ಗುರುಗಳು ಪಂಚೆ ಎತ್ತಿ ಕಟ್ಟಿ ನೀರಿಗಿಳಿದರು. ಹತ್ತಿರವಿದ್ದ ಮರದ ದೋಣಿ ಹತ್ತಿ, ಮಾದೇವಮ್ಮನತ್ತ ಕೈ ಚಾಚಿದರು. ಅವರು ಆ ಕೈ ಹಿಡಿದು ಹತ್ತಿ ಕುಳಿತರು.

ದಡದಲ್ಲಿ ಒರಗಿಸಿದ್ದ ಹುಟ್ಟನ್ನು ಕೈಗೆತ್ತಿಕೊಂಡು ದೇವರಾಯ ಅಲ್ಲೇ ನಿಂತ. ಒಮ್ಮೆ ಈ ದೋಣಿ ನೋಡಿದ, ಒಮ್ಮೆ ಆ ದೋಣಿ.

"ಹಾಗಾದರೆ ಇದನ್ನೇ ಕೊಳ್ಳಲಾ?"

"ಹುಟ್ಟು ನನ್ನ ಕೈಗೆ ಕೊಡು" ಎಂದರು ಗುರುಗಳು. "ನೀನು ಅಮ್ಮನ ಪಕ್ಕ ಕೂತುಕೋ."