ಕಿಲೋಮೀಟರ್ ಬರೆಯದ ಬೋರ್ಡು

"ಚೆನ್ನಬಸವನ ವಿಷಯಕ್ಕೂ ಇದಕ್ಕೂ ಏನೇನೂ ಸಂಬಂಧ ಇಲ್ಲ ಬುದ್ಧಿ," ಅಂದ ಗುರುಮಲ್ಲ.

ಯಾರೂ ಕೇಳಿರಲಿಲ್ಲ. ಗುರುಗಳು ಕಡಲೆಕಾಯಿ ಬಿಡಿಸುತ್ತಾ ಕೂತಿದ್ದರು. ಆ ಬೆಳಿಗ್ಗೆ ಆ ಕೋಣೆಯಲ್ಲಿ ಚೆನ್ನಬಸವನ ಹೆಸರು ಎತ್ತಿದವನೇ ಗುರುಮಲ್ಲ.

"ಅವನ ಜೊತೆ ಮಾತು ಬಿಟ್ಟಿದ್ದು ಹಂಡೆ ನೀರಿನ ದೆಸೆಯಿಂದ. ಒಲೆ ಹಚ್ಚಿದವನು ನಾನು. ಬಿಸಿನೀರೆಲ್ಲ ಹುಯ್ಕೊಂಡು ಹೋದವನು ಅವನು. ಅದು ಬಚ್ಚಲ ಜಗಳ ಬುದ್ಧಿ. ಇದು ಲೋಕದ ಸ್ನೇಹ."

ಹಾಗಂದು ಒಂದು ಕಾಗದವನ್ನು ಗುರುಗಳ ಮುಂದೆ ಇಟ್ಟ. ಕಡಲಾಚೆ ಎಲ್ಲೋ ಚಳಿ ದೇಶದಲ್ಲಿ ಒಂದು ಮಠ. ಆ ಮಠಕ್ಕೂ ಈ ಮಠಕ್ಕೂ ಇನ್ನು ಮೇಲೆ ಸ್ನೇಹ ಅಂತ ಬರೆದ ಒಪ್ಪಂದ. ಎರಡು ವರ್ಷ ಕಾಗದದ ಮೇಲೆ ಕಾಗದ ಬರೆದು ಇದನ್ನು ಕುದುರಿಸಿದವನು ಗುರುಮಲ್ಲ. ಗುರುಗಳ ಸಹಿ ಬಿದ್ದರೆ ಸ್ನೇಹದ ದೂತ ಅನ್ನಿಸಿಕೊಂಡು ಮೂರು ತಿಂಗಳು ಅಲ್ಲಿರಬಹುದು. ಬೀಳದಿದ್ದರೆ ಇಲ್ಲೇ ಸಗಣಿ ಬಾಚಬೇಕು. ಉಣ್ಣೆ ಟೋಪಿ ಆಗಲೇ ತಗೊಂಡಾಗಿತ್ತು. ಹಾಕ್ಕೊಂಡೇ ಬಂದಿದ್ದ. ಹಣೆ ಮೇಲೆ ಬೆವರು ಇಳಿಯುತ್ತಿತ್ತು.

ಈ ಮಠದಲ್ಲಿ ಇದ್ದದ್ದು ಮೂರು ಜನ, ಒಂದು ಹಸು. ಶಿಷ್ಯರಿಬ್ಬರ ಕೋಣೆಗಳಿಗೂ ಒಂದೇ ಗೋಡೆ. ಏಳು ತಿಂಗಳಿಂದ ಒಬ್ಬರಿಗೊಬ್ಬರು ಹೇಳಲೇಬೇಕಾದದ್ದು ಏನಾದರೂ ಇದ್ದರೆ ಹಸುವಿಗೆ ಹೇಳುತ್ತಿದ್ದರು. "ಗೌರಿ, ಸಾರಿಗೆ ಉಪ್ಪು ಹಾಕಾಯ್ತು, ಇನ್ನೊಂದು ಸಲ ಹಾಕೋದು ಬೇಡ ಅಂತ ಅವನಿಗೆ ಹೇಳು." ಕೇಳಿಸಿಕೊಂಡವನು ಕೇಳಿಸದವನ ಹಾಗೆ ನಿಂತಿರುತ್ತಿದ್ದ. ಗೌರಿ ಒಂದು ದಿನವೂ ಹೇಳಲಿಲ್ಲ. ಸಾರಿಗೆ ಎರಡೆರಡು ಸಲ ಉಪ್ಪು ಬೀಳುತ್ತಿತ್ತು. ಉಣ್ಣುವವರು ಗುರುಗಳು.

"ದೂರದವರನ್ನ ಪ್ರೀತಿಸೋದೇ ದೊಡ್ಡದಲ್ವಾ ಬುದ್ಧಿ? ಹತ್ತಿರದವರನ್ನ ಯಾರು ಬೇಕಾದರೂ ಪ್ರೀತಿಸ್ತಾರೆ."

ಗುರುಗಳು ಬಾಯಿಗೆ ನಾಲ್ಕು ಬೀಜ ಹಾಕಿಕೊಂಡರು. "ಒಂದು ಊರಿತ್ತು," ಅಂದರು.

ಸತ್ತೆ, ಅಂದುಕೊಂಡ ಗುರುಮಲ್ಲ. ಗುರುಗಳು ಕತೆ ಶುರುಮಾಡಿದರೆ ಅದರ ಕೊನೆಗೆ ಹೊಡೆತ ತಿನ್ನುವವನು ಎದುರಿಗೆ ಕೂತವನೇ. ಅವನಿಗೆ ಅಭ್ಯಾಸವಿತ್ತು.

ಊರಿಗೊಬ್ಬ ಅಧ್ಯಕ್ಷ. ಕಸ ವಿಲೇವಾರಿ ಹೇಗೆ ಮಾಡ್ತಾರೆ ನೋಡಿ ಬರ್ತೀನಿ ಅಂತ ಪುರಸಭೆಯಿಂದ ಪರದೇಶಕ್ಕೆ ಹೋದ. ಕಸದ ಸುದ್ದಿ ಏನೂ ತರಲಿಲ್ಲ. ಅಲ್ಲಿನ ಒಂದು ಊರಿನ ಜೊತೆ ಸ್ನೇಹದ ಒಪ್ಪಂದ ಮಾಡಿಕೊಂಡು ಬಂದ. ಇವತ್ತಿಂದ ನಾವಿಬ್ಬರೂ ಅವಳಿ ಊರುಗಳು ಅಂದ. ಆ ಊರಿನ ಹೆಸರನ್ನು ಒಂದೇ ಉಸಿರಿಗೆ ಹೇಳಬಲ್ಲವರು ಇಲ್ಲಿ ಯಾರೂ ಇರಲಿಲ್ಲ.

ಅವರು ಉಡುಗೊರೆ ಕಳಿಸಿದರು. ಹಿಮ ಎತ್ತುವ ಸಲಿಕೆ. ಪುರಸಭೆಯವರು ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಆಯುಧಪೂಜೆ ದಿನ ಬೂದುಗುಂಬಳ ಒಡೆದರು. ಇವರು ಒಂದು ಡಬ್ಬ ಹುರಿಗಡಲೆ ಚಟ್ನಿಪುಡಿ ಕಳಿಸಿದರು. ಇದನ್ನು ಯಾವ ಗಿಡಕ್ಕೆ ಹಾಕಬೇಕು ಅಂತ ಅಲ್ಲಿಂದ ಕಾಗದ ಬಂತು. ಸ್ನೇಹ ಚೆನ್ನಾಗಿಯೇ ನಡೆಯುತ್ತಿತ್ತು.

ಗುರುಮಲ್ಲ ನಕ್ಕ. ಗುರುಗಳು ನಗಲಿಲ್ಲ.

ಊರಿನ ಪಡುವಣಕ್ಕೆ ಒಂದು ಕೆರೆ. ಕೆರೆ ಏರಿ ದಾಟಿದರೆ ಅರ್ಧ ಮೈಲಿಗೆ ಒಂದು ಹಳ್ಳಿ. ಕೆರೆ ಕೋಡಿ ಬಿದ್ದ ದಿನ ಎರಡೂ ಊರಿನವರು ಸೇರಿ ಬಾಗಿನ ಬಿಡುವುದು ವಾಡಿಕೆ. ಮೊದಲು ಊರಿನ ಮೊರ, ಆಮೇಲೆ ಹಳ್ಳಿಯ ಮೊರ. ಹನ್ನೊಂದು ವರ್ಷದ ಹಿಂದೆ ಇದೇ ಅಧ್ಯಕ್ಷ ನೀರಿನ ಹತ್ತಿರ ನಿಂತು ಭಾಷಣ ಹಿಡಿದ. ಭಾಷಣ ಮುಗಿಯುವ ಲಕ್ಷಣ ಕಾಣಲಿಲ್ಲ. ಹಳ್ಳಿಯ ಯಜಮಾನನಿಗೆ ಕಾಲು ನೋವು ಬಂತು, ತನ್ನ ಮೊರವನ್ನು ಬಿಟ್ಟೇ ಬಿಟ್ಟ. ಅವತ್ತಿಗೆ ಮಾತು ನಿಂತಿತು. ಅಲ್ಲಿಂದ ಮುಂದೆ ಊರಿನವರು ಈ ತುದಿಯಲ್ಲಿ, ಹಳ್ಳಿಯವರು ಆ ತುದಿಯಲ್ಲಿ. ಎರಡು ಪೂಜೆ, ಎರಡು ಓಲಗ. ಓಲಗದವರು ಮಾತ್ರ ಜಗಳ ಹೀಗೇ ನಡೆಯಲಿ ಅಂತ ಹರಸುತ್ತಿದ್ದರು.

ಒಂದು ದಿನ ಪರದೇಶದಿಂದ ಫೋಟೊ ಬಂತು. ಅವರ ಊರ ಬಾಗಿಲಲ್ಲಿ ಬೋರ್ಡು ನೆಟ್ಟಿದ್ದಾರೆ. ಅದರ ಮೇಲೆ ನಮ್ಮ ಊರಿನ ಹೆಸರು, ಬಾಣದ ಗುರುತು, ಇಷ್ಟು ಸಾವಿರ ಕಿಲೋಮೀಟರ್ ಅಂತ ಲೆಕ್ಕ. ಅಲ್ಲಿನ ಮೇಯರು ನಾಡಿದ್ದೇ ಇಲ್ಲಿಗೆ ಬರುತ್ತಾರಂತೆ, ನಮ್ಮ ಬೋರ್ಡನ್ನೂ ನೋಡಬೇಕಂತೆ.

ನಮ್ಮ ಬೋರ್ಡು ಎಲ್ಲಿತ್ತು? ಅಧ್ಯಕ್ಷ ಊರ ಬಾಗಿಲಲ್ಲಿ ಒಂದು ಹಲಗೆ ನೆಡಿಸಿ, ಪೇಂಟರ್‌ನನ್ನು ಹಿಡಿದು ತಂದ.

ಪೇಂಟರ್ ಮೊದಲು ಅಧ್ಯಕ್ಷನ ಚಿತ್ರ ಬರೆದ. ಅದು ದೊಡ್ಡದಾಗಿಯೇ ಬಂತು. ಆ ಊರಿನ ಹೆಸರಿಗೆ ಜಾಗ ಸಾಲಲಿಲ್ಲ. "ನಮ್ಮ ಪರಮ ಸ್ನೇಹಿತರ ಊರು" ಅಂತ ಬರೆದು, ಆ ದೇಶ ಸೂರ್ಯ ಮುಳುಗುವ ಕಡೆಗಿದೆ ಅಂತ ಕೇಳಿ ಪಡುವಣಕ್ಕೆ ಒಂದು ಬಾಣ ಎಳೆದ. ಕಿಲೋಮೀಟರ್ ಆಮೇಲೆ ಕೇಳಿ ಬರೆಯೋಣ ಅಂತ ಮೂಲೆಯಲ್ಲಿ ಒಂದಿಷ್ಟು ಜಾಗ ಬಿಟ್ಟು ಊಟಕ್ಕೆ ಹೋದ.

ಹಳ್ಳಿಯ ಯಜಮಾನ ರಾಗಿ ಬೀಸಿಸಲು ಊರಿಗೆ ಬಂದ. ಊರಿನ ಜೊತೆ ಮಾತಿರಲಿಲ್ಲ, ಮಿಲ್ಲಿನ ಜೊತೆ ಜಗಳ ಇರಲಿಲ್ಲ. ಬೋರ್ಡು ಕಂಡು ನಿಂತ. ಓದಿದ. ಬಾಣ ನೋಡಿದ. ಬಾಣ ತೋರಿಸಿದ ಕಡೆ ತಿರುಗಿದ. ಅವನ ಹಳ್ಳಿಯ ಹೆಂಚುಗಳು ಕಂಡವು. ಇನ್ನೊಂದು ಸಲ ಓದಿದ. ರಾಗಿ ಚೀಲ ಅಲ್ಲೇ ಇಳಿಸಿ ವಾಪಸ್ಸು ಓಡಿದ.

ಸಂಜೆ ಹೊತ್ತಿಗೆ ಹಳ್ಳಿಗೆ ಹಳ್ಳಿಯೇ ಏರಿ ದಾಟಿ ಬಂತು. ಮುಂದೆ ಯಜಮಾನ, ಕೈಯಲ್ಲಿ ತಟ್ಟೆ ತುಂಬ ವೀಳ್ಯದೆಲೆ. ಅಧ್ಯಕ್ಷನ ಎರಡೂ ಕೈ ಹಿಡಿದುಕೊಂಡ.

"ಹನ್ನೊಂದು ವರ್ಷದಿಂದ ನನಗೂ ನಿದ್ದೆ ಸರಿಯಾಗಿ ಬರ್ಲಿಲ್ಲ ಕಣಣ್ಣ," ಅಂದ. "ನಾನೇ ಮೊದಲು ಮಾತಾಡ್ಬೇಕಿತ್ತು. ನೀನು ಬರೆದೇಬಿಟ್ಟೆ, ಅದೂ ಬೀದೀಲಿ, ನಿನ್ನ ಮುಖ ಸಮೇತ. ಈ ಸಲ ನಿನ್ನ ಮೊರ ಮುಂದೆ. ಭಾಷಣ ಎಷ್ಟು ಉದ್ದ ಇದ್ರೂ ಸರಿ, ನಾನು ಕುರ್ಚಿ ತರ್ತೀನಿ."

ಅದು ನೀವಲ್ಲ ಕಣಯ್ಯ ಅನ್ನಲು ಅಧ್ಯಕ್ಷ ಬಾಯಿ ತೆರೆದ. ಯಜಮಾನ ಹಿಡಿದ ಕೈ ಇನ್ನೂ ಬಿಟ್ಟಿರಲಿಲ್ಲ. ಅಷ್ಟು ಹೊತ್ತಿಗೆ ಊಟ, ನಿದ್ದೆ ಎರಡೂ ಮುಗಿಸಿ ಬಂದ ಪೇಂಟರ್ ಕುಂಚ ಅದ್ದಿಕೊಂಡು ಕೇಳಿದ:

"ಅಧ್ಯಕ್ಷರೇ, ಕಿಲೋಮೀಟರ್ ಎಷ್ಟು ಅಂತ ಬರೀಲಿ?"

ಗುರುಗಳು ಅಲ್ಲಿಗೆ ನಿಲ್ಲಿಸಿ ಕಡಲೆಕಾಯಿ ಹುಡುಕತೊಡಗಿದರು.

"ಎಷ್ಟು ಬರೆಸಿದ ಬುದ್ಧಿ?"

"ಏನೂ ಬೇಡ, ಹಾಗೇ ಬಿಡು ಅಂದ."

"ಮೇಯರು?"

"ಬಂದ. ಬೋರ್ಡು ನೋಡಿದ. ಬಾಣ ಹಿಡ್ಕೊಂಡು ಹೋಗಿ ಹಳ್ಳೀಲಿ ಮುದ್ದೆ ಉಂಡ. ಚೆನ್ನಾಗಿದೆ ಅಂದನಂತೆ."

ಗುರುಮಲ್ಲನಿಗೆ ನಗು ತಡೆಯಲಾಗಲಿಲ್ಲ. ಹೊಡೆತ ಬೀಳದೇ ಕತೆ ಮುಗಿಯಿತಲ್ಲ ಅಂತ ಸಮಾಧಾನವೂ ಆಯಿತು. ಲೇಖನಿಯನ್ನು ಮುಂದೆ ಚಾಚಿದ. ಗುರುಗಳು ಸಿಪ್ಪೆ ಕೊಡವಿ, ಕಾಗದ ಎಳೆದುಕೊಂಡು, ತಮ್ಮ ಹೆಸರಿನ ಮುಂದೆ ನೀಟಾಗಿ ಸಹಿ ಹಾಕಿದರು. ಅವನ ಎದೆ ಹಗುರಾಯಿತು. ವಿಮಾನದ ಕಿಟಕಿಯೇ ಕಣ್ಣಿಗೆ ಬಂತು.

"ಕೆಳಗೆ ಮಠದ ಸಾಕ್ಷಿ ಅಂತ ಒಂದು ಜಾಗ ಖಾಲಿ ಇದೆ ನೋಡು," ಅಂದರು ಗುರುಗಳು, "ಅಲ್ಲಿಗೆ ಚೆನ್ನಬಸವನ ಸಹಿ ಕೇಳಿ ಹಾಕಿಸ್ಕೋ, ಗೌರಿ ಕೈಲಿ ಕೇಳಿಸಿದ್ರೆ ನಡೆಯಲ್ಲ."

ಗುರುಮಲ್ಲ ಟೋಪಿ ತೆಗೆದು ಕಂಕುಳಿಗೆ ಸಿಕ್ಕಿಸಿಕೊಂಡ. ಕಾಗದ ತಗೊಂಡು ಎದ್ದು ಹೊಸಿಲ ಮೇಲೆ ನಿಂತ. ಎಡಗಡೆ ಹಸು ಮೆಲುಕು ಹಾಕುತ್ತಿತ್ತು. ಬಲಗಡೆ ಚೆನ್ನಬಸವ ಹಂಡೆ ಒಲೆಗೆ ಸೌದೆ ತುರುಕುತ್ತಾ ಹೊಗೆಯಲ್ಲಿ ಕೆಮ್ಮುತ್ತಿದ್ದ.

ಆಮೇಲೆ ಬಲಕ್ಕೆ ಇಳಿದು, ಹಿಂದೆ ಬಾಗಿಲು ಎಳೆದುಕೊಂಡ.