ಗುಳುಮುಳುಕ ಮರಿಯನ್ನು ಬೆನ್ನ ಮೇಲೆ ಹೊರುವುದೇಕೆ

ನೀರಿನ ಮೇಲೆ ಕಂಡದ್ದೆಲ್ಲ ಹದ್ದಿನ ಪಾಲು, ನೀರಿನೊಳಗೆ ಇರುವುದೆಲ್ಲ ಕೆರೆಹಕ್ಕಿಯ ಪಾಲು. ಒಪ್ಪಂದ ಇಷ್ಟೇ. ಗಾಳಿ ಸಾಕ್ಷಿ.

ಇದು ನಡೆದದ್ದು ಲೋಕ ಇನ್ನೂ ಹಸಿಹಸಿಯಾಗಿದ್ದಾಗ. ತಗ್ಗುಗಳಿಗೆ ಆಗಷ್ಟೇ ನೀರು ತುಂಬಿ ಕೆರೆಗಳಾಗಿದ್ದವು. ಕೆರೆಹಕ್ಕಿ ಗುಂಡಗಿನ ಪುಟ್ಟ ಹಕ್ಕಿ. ಕಾಲುಗಳು ಬಾಲದ ಹತ್ತಿರ ಇದ್ದುದರಿಂದ ನೆಲದ ಮೇಲೆ ನಡೆದರೆ ಮುಗ್ಗರಿಸುತ್ತಿತ್ತು. ನೀರಿನೊಳಗೆ ಮಾತ್ರ ಅದನ್ನು ಹಿಡಿಯುವವರಿಲ್ಲ. ಒಳ್ಳೆಯ ವ್ಯವಹಾರ ಕುದುರಿತೆಂದು ಅದು ಒಪ್ಪಿಕೊಂಡಿತು. ಒಪ್ಪುವಾಗ ಮಕ್ಕಳ ವಿಷಯ ಯೋಚಿಸಲಿಲ್ಲ. ಆತುರದ ವ್ಯವಹಾರದಲ್ಲಿ ಮರೆತುಹೋಗುವುದು ಯಾವಾಗಲೂ ಮುಖ್ಯವಾದದ್ದೇ.

ಜೊಂಡಿಗೆ ಕಟ್ಟಿದ ತೇಲುವ ಗೂಡಿನಲ್ಲಿ ಅದು ಮೊಟ್ಟೆಯಿಟ್ಟಿತು. ಒಂದು ಮಧ್ಯಾಹ್ನ ಬಿರುಗಾಳಿ ಎದ್ದಿತು. ಗೂಡಿನ ಒಂದು ಬದಿ ಕುಸಿದು ಮೊಟ್ಟೆಗಳು ಒಂದೊಂದಾಗಿ ನೀರಿಗೆ ಜಾರಿದವು.

"ಅಯ್ಯೋ ಮುಳುಗಿತು! ಮುಳುಗಿತು!" ಎಂದು ತಾಯಿ ಬಾಯಿ ಬಡಿದುಕೊಂಡಿತು.

ಉಳಿದದ್ದು ಒಂದೇ ಮೊಟ್ಟೆ. ಅದರೊಳಗಿದ್ದ ಮರಿಗೆ ಆಗಲೇ ಕಿವಿ ಕೇಳಿಸುತ್ತಿತ್ತು.

ಆ ಮೊಟ್ಟೆ ಒಡೆದು ಹೊರಬಂದ ಮರಿಯ ತಲೆಯ ಮೇಲೆಲ್ಲ ಗೆರೆಗಳು. ತಾಯಿ ಅದನ್ನು ಪಟ್ಟೆ ಎಂದು ಕರೆಯಿತು. ಹೆಸರಿಟ್ಟು ಮುಗಿಸುವಷ್ಟರಲ್ಲಿ ಗೂಡಿನ ಮೇಲೆ ನೆರಳು ಬಿತ್ತು.

"ಏನಮ್ಮ, ಮಗು ಮೇಲಿದೆಯೋ, ಒಳಗಿದೆಯೋ?" ಎಂದಿತು ಹದ್ದು.

"ಈಗ ತಾನೇ ಹುಟ್ಟಿದೆ ಕಣಣ್ಣ. ಸ್ವಲ್ಪ ತಡಿ."

"ತಡೀತೀನಿ. ಇವತ್ತು ಹೊಟ್ಟೆ ತುಂಬಿದೆ."

ಇವತ್ತಲ್ಲದಿದ್ದರೆ ನಾಳೆ ಬರುತ್ತದೆ ಎಂದು ತಾಯಿಗೆ ಗೊತ್ತಾಯಿತು. "ಪಟ್ಟೆ, ಮುಳುಗು!" ಎಂದು ಮರಿಯನ್ನು ಗೂಡಿನ ಅಂಚಿಗೆ ದಬ್ಬಿತು.

"ಒಲ್ಲೆ!"

"ಮುಳುಗೋ ನನ್ನಪ್ಪ!"

"ಒಲ್ಲೆ, ಒಲ್ಲೆ!" ಪಟ್ಟೆ ನಡುಗುತ್ತಾ ಹಿಂದೆ ಹಿಂದೆ ಸರಿಯಿತು. ತಾಯಿ ಕೂಗಿದಷ್ಟೂ ನಡುಕ ಹೆಚ್ಚಾಯಿತು. ನೆರಳು ಒಂದು ಸುತ್ತು ಹಾಕಿ, ಇವತ್ತಿಗೆ ಸಾಕೆಂಬಂತೆ ದೂರ ಹೋಯಿತು.

ಪಕ್ಕದಲ್ಲೇ ಒಂದು ಎಮ್ಮೆ ಕತ್ತಿನವರೆಗೆ ನೀರಲ್ಲಿ ಕೂತು ಮೆಲುಕು ಹಾಕುತ್ತಿತ್ತು. ಅದರ ಬೆನ್ನ ಮೇಲೆ ಒಂದು ಬೆಳ್ಳಕ್ಕಿ.

"ಅಲ್ಲ ಕಣೇ," ಎಂದಿತು ಎಮ್ಮೆ, "ಗೂಡು ಕುಸಿದ ದಿನ ಏನಂತ ಬೊಬ್ಬೆ ಹೊಡೆದೆ?"

"ಮುಳುಗಿತು ಅಂತ."

"ಈಗ ಮಗೂಗೆ ಏನು ಮಾಡು ಅಂತಿದ್ದೀಯ?"

"ಮುಳು..."

"ಸಾಯೋದಕ್ಕೂ ಅದೇ ಮಾತು, ಬದುಕೋದಕ್ಕೂ ಅದೇ ಮಾತು. ಕೂಸು ಏನಂತ ತಿಳ್ಕೋಬೇಕು?"

ನಿಜವೇ. ಮುಳುಗಿತು ಎಂದರೆ ಅಂಗಡಿ ಇಟ್ಟವರ ಎದೆಯೂ ಝಲ್ಲೆನ್ನುತ್ತದೆ. ಇನ್ನು ಮರಿಯ ಪಾಡೇನು!

"ನಂಗೂ ಈಜು ಬರಲ್ಲ," ಎಂದಿತು ಬೆಳ್ಳಕ್ಕಿ. "ಆದ್ರೂ ನೋಡು, ಕೆರೆ ನಡುವೆ ನಿಂತಿದ್ದೀನಿ."

"ನಿಂತಿರೋದು ನನ್ನ ಬೆನ್ನ ಮೇಲೆ! ಜಂಬ ನೋಡು ಇವಳದು," ಎಂದು ಎಮ್ಮೆ ಕಿವಿ ಒದರಿತು.

ತಾಯಿ ಎಮ್ಮೆಯ ಬೆನ್ನನ್ನೂ ಅದರ ಮೇಲಿನ ಬೆಳ್ಳಕ್ಕಿಯನ್ನೂ ನೋಡಿತು. ಗೂಡಿಗೆ ಒತ್ತಿಕೊಂಡು ಬೆನ್ನು ತಗ್ಗಿಸಿತು. "ಹತ್ತು ಮಗಾ. ಸುಮ್ನೆ ಸವಾರಿ."

ಪಟ್ಟೆ ಹತ್ತಿತು. ತಾಯಿ ತೇಲಿತು, ಅಷ್ಟೇ. ಆಮೇಲೆ ತುಸುವೇ ತಗ್ಗಿತು. ಮರಿಯ ಬೆರಳಿಗೆ ನೀರು ಸೋಕಿತು. ಪಟ್ಟೆ ಕೀಚ್ ಎಂದು ಕಾಲೆಳೆದುಕೊಂಡಿತು. ಇನ್ನೊಂದು ಗಳಿಗೆಗೆ ತಾನೇ ಕಾಲಿಳಿಬಿಟ್ಟಿತು. ತಾಯಿ ಮತ್ತೆ ತುಸು ತಗ್ಗಿತು. ಈಗ ಹೊಟ್ಟೆಯೂ ಒದ್ದೆ.

ಮಾರನೆಯ ದಿನ ಸವಾರಿಯ ನಡುವೆ ನೆರಳು ಮತ್ತೆ ಬಂತು.

"ಬೆನ್ನ ಮೇಲಿರೋದೂ ಮೇಲಿರೋದೇ ಅಲ್ವೇನಮ್ಮ?" ಎಂದಿತು ಹದ್ದು.

"ಮಾತು ಆಗಿರೋದು ಹಾಗೇ," ಎಂದಿತು ಗಾಳಿ, ಬೇಸರದಿಂದ.

ತಾಯಿ ಮರಿಯನ್ನು ರೆಕ್ಕೆಯಡಿ ಅವುಚಿಕೊಂಡು ಗಬಕ್ಕನೆ ನೀರೊಳಗೆ ಹೋಯಿತು. ಗುಳುಂ! ಕಣ್ಣು ಮಿಟುಕಿಸುವಷ್ಟರಲ್ಲಿ ಜೊಂಡಿನ ಮರೆಯಲ್ಲಿ ಮೇಲೆದ್ದಿತು. ಪಟ್ಟೆ ಸೀನಿತು.

"ಅಮ್ಮ, ಅದೇನದು? ಮುಳುಗೋದಾ?"

"ಅಲ್ಲಪ್ಪ. ಮುಳುಗಿದ್ದು ಮೇಲೆ ಬರಲ್ಲ. ಇದು ಗುಳುಂ. ಗುಳುಂ ಅಂದದ್ದು ಬರುತ್ತೆ."

"ಹಾಗಾದ್ರೆ ಇನ್ನೊಂದ್ಸಲ!"

ಇನ್ನೊಂದು ಸಲ, ಮತ್ತೊಂದು ಸಲ. ಕೊನೆಗೆ ಪಟ್ಟೆ ತಾಯಿಯ ಬೆನ್ನಿಂದ ಜಾರಿ ತಾನೇ ತೇಲತೊಡಗಿತು.

ಒಂದು ಬೆಳಿಗ್ಗೆ ತಾಯಿ ಮೀನಿಗೆಂದು ದೂರ ಹೋಗಿತ್ತು. ಹದ್ದು ಈ ಬಾರಿ ಏನೂ ಕೇಳಲಿಲ್ಲ. ಕಲ್ಲಿನಂತೆ ಬಿತ್ತು. ದೂರದಿಂದ ನೋಡಿದ ತಾಯಿಯ ಗಂಟಲಿಗೆ ಹಳೆಯ ಮಾತೇ ಬಂತು. ಅದನ್ನು ನುಂಗಿಕೊಂಡು ಕೂಗಿತು: "ಪಟ್ಟೇ, ಗುಳುಂ!"

ಉಗುರು ನೀರಿಗೆ ಬಡಿಯಿತು. ಅಲೆಗಳು ಎದ್ದವು, ಹರಡಿದವು, ನಿಂತವು. ಮರಿ ಕಾಣಲಿಲ್ಲ. ಎಮ್ಮೆ ಮೆಲುಕು ನಿಲ್ಲಿಸಿತು. ಗಾಳಿಯೂ ಉಸಿರು ಹಿಡಿಯಿತು.

ಜೊಂಡಿನ ಹತ್ತಿರ ಒಂದು ಗುಳ್ಳೆ ಬಂತು. ಅದರ ಹಿಂದೆಯೇ ಗೆರೆಗೆರೆಯ ತಲೆಯೊಂದು ಮೇಲೆದ್ದು ಸೀನಿತು.

ಹದ್ದಿಗೆ ಸಿಕ್ಕಿದ್ದು ಉಗುರಿಗಂಟಿದ ಪಾಚಿ. ತಾಯಿಗೆ ಹೋದ ಮೊಟ್ಟೆಗಳು ತಿರುಗಿ ಬರಲಿಲ್ಲ. ಗಿಟ್ಟಿದ್ದು ಒಂದು ಮರಿ, ಒಂದು ಹೊಸ ಮಾತು, ಜನ ಕರೆಯಲು ಗುಳುಮುಳುಕ ಎಂಬ ಒಂದು ಹೆಸರು. ಆ ಒಂದೇ ಮರಿಯಿಂದ ಬಂದ ಸಂತತಿ ಇವತ್ತು ಕೆರೆಕೆರೆಯಲ್ಲೂ ಇದೆ. ದಡದಲ್ಲಿ ಸದ್ದಿಲ್ಲದೆ ಕೂತು ನೋಡಿ ಮಕ್ಕಳೇ, ತಾಯಿಯ ಬೆನ್ನಿನ ಗರಿಗಳ ನಡುವಿನಿಂದ ಪಟ್ಟೆಪಟ್ಟೆಯ ಪುಟ್ಟ ತಲೆಗಳು ಇಣುಕುತ್ತಿರುತ್ತವೆ.