ಓದಿ ನೋಡದ ಟೇಪುಗಳು

“ಗುರುಗಳೇ, ಎಷ್ಟು ಹೇಳಿದರೂ ಕೇಳದವರಿಗೆ ಹೇಳುವುದನ್ನು ಬಿಟ್ಟುಬಿಟ್ಟರೆ ತಪ್ಪೇ?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಂದು ಪಟ್ಟಣದಲ್ಲಿ ಒಬ್ಬ ಔಷಧ ವ್ಯಾಪಾರಿಯಿದ್ದ. ಸುತ್ತಲಿನ ಆಸ್ಪತ್ರೆಗಳಿಗೆಲ್ಲ ಅವನೇ ಔಷಧ ಕಳುಹಿಸುತ್ತಿದ್ದ. ಯಾವ ಪೆಟ್ಟಿಗೆ ಯಾವ ಆಸ್ಪತ್ರೆಗೆ ಹೋಯಿತೆಂಬ ವಿವರವೆಲ್ಲ ಬೀರುವಿನಷ್ಟು ದೊಡ್ಡದೊಂದು ಕಂಪ್ಯೂಟರಿನಲ್ಲಿತ್ತು. ಅದು ವರ್ಷಗಟ್ಟಲೆ ಒಂದು ದಿನವೂ ಕೈಕೊಟ್ಟಿರಲಿಲ್ಲ. ಅದನ್ನು ನಂಬಿ ವ್ಯಾಪಾರಿ ಕಾಗದದಲ್ಲಿ ಬರೆದಿಡುವುದನ್ನೇ ಬಿಡಿಸಿದ್ದ.

ಕಂಪ್ಯೂಟರನ್ನು ನೋಡಿಕೊಳ್ಳುತ್ತಿದ್ದವನು ಶಂಭುಲಿಂಗ. ದಿನವೂ ಸಂಜೆ ಎಲ್ಲ ವಿವರವನ್ನೂ ಟೇಪಿಗೆ ನಕಲು ಮಾಡಿ, ತಾರೀಖು ಬರೆದು ಇಡುತ್ತಿದ್ದ. ವರ್ಷಕ್ಕೊಮ್ಮೆ ವ್ಯಾಪಾರಿಯ ಮುಂದೆ ನಿಂತು ಕೇಳುತ್ತಿದ್ದ: “ಸಾಹುಕಾರರೇ, ಒಂದು ದಿನ ಕೆಲಸ ನಿಲ್ಲಿಸಿ, ಈ ಟೇಪುಗಳಿಂದ ವಿವರ ಮರಳಿ ಬರುತ್ತದೆಯೇ ನೋಡೋಣ.”

“ಚೆನ್ನಾಗಿ ನಡೆಯುತ್ತಿರುವುದನ್ನು ಯಾಕಯ್ಯ ನಿಲ್ಲಿಸಬೇಕು?” ಎನ್ನುತ್ತಿದ್ದ ವ್ಯಾಪಾರಿ.

ಶಂಭುಲಿಂಗ ಒಂಬತ್ತು ವರ್ಷ ಕೇಳಿದ. ಒಂಬತ್ತನೆಯ ಸಲ ಕೆಲಸದವರೆಲ್ಲ ನಕ್ಕರು. ಹತ್ತನೆಯ ವರ್ಷ ಅವನು ಕೇಳಲಿಲ್ಲ.

ಆ ವರ್ಷವೇ ಕಂಪ್ಯೂಟರಿನ ಡಿಸ್ಕ್ ಕೆಟ್ಟಿತು. ಶಂಭುಲಿಂಗ ವಯರು ಬದಲಿಸಿ ನೋಡಿದ, ಕರೆಂಟು ಪರೀಕ್ಷಿಸಿದ, ಕೊನೆಗೆ ಹೊಸ ಡಿಸ್ಕ್ ತರಿಸಿ ಹಾಕಿದ. ಯಂತ್ರವೇನೋ ಚಾಲೂ ಆಯಿತು. ಟೇಪು ಹಾಕಿ ನೋಡಿದರೆ ಅದರಲ್ಲಿ ಏನೂ ಇರಲಿಲ್ಲ. ಹಿಂದಿನ ವಾರದ್ದರಲ್ಲಿ ಇಲ್ಲ, ಹಿಂದಿನ ವರ್ಷದ್ದರಲ್ಲಿಯೂ ಇಲ್ಲ. ಯಂತ್ರದಲ್ಲಿ ಟೇಪಿನ ಮೇಲೆ ವಿವರ ಬರೆಯುವ ಭಾಗ ಎಂದೋ ಸವೆದುಹೋಗಿತ್ತು. ಟೇಪು ಸುಮ್ಮನೆ ಸುತ್ತುತ್ತಿತ್ತು.

ಮೂರನೆಯ ದಿನ ಬೆಳಿಗ್ಗೆ ಔಷಧ ತಯಾರಕರಿಂದ ಫೋನ್ ಬಂತು. ಒಂದು ಬ್ಯಾಚಿನ ಚುಚ್ಚುಮದ್ದು ಕೆಟ್ಟಿದೆ, ಕೂಡಲೇ ಹಿಂದಕ್ಕೆ ತರಿಸಿ ಎಂದರು. ಅದು ಎಲ್ಲೆಲ್ಲಿಗೆ ಹೋಗಿದೆಯೆಂಬುದು ಯಾರಿಗೂ ಗೊತ್ತಿರಲಿಲ್ಲ. ವ್ಯಾಪಾರಿಯೂ ಶಂಭುಲಿಂಗನೂ ನೆನಪಿಗೆ ಬಂದ ಆಸ್ಪತ್ರೆಗಳಿಗೆಲ್ಲ ಒಂದೊಂದಾಗಿ ಫೋನ್ ಮಾಡಿದರು. ಸಂಜೆಯ ಹೊತ್ತಿಗೆ ಒಂದು ಸಣ್ಣ ಹೆರಿಗೆ ಆಸ್ಪತ್ರೆಗೆ ತಿಳಿಸಿದಾಗ, ಅಲ್ಲಿನ ನರ್ಸು, “ಮಧ್ಯಾಹ್ನ ಒಬ್ಬ ಬಾಣಂತಿಗೆ ಚುಚ್ಚಿಬಿಟ್ಟೆನಲ್ಲಾ” ಎಂದು ಅತ್ತಳು. ಬಾಣಂತಿ ಉಳಿಯಲಿಲ್ಲ.

ವ್ಯಾಪಾರಿ ವ್ಯಾಪಾರ ಬಿಟ್ಟ. ಶಂಭುಲಿಂಗ ಕ್ಷಮೆ ಕೇಳಲೆಂದು ಆ ಬಾಣಂತಿಯ ಮನೆಯವರೆಗೆ ಹೋದ. ಒಳಗೆ ಕೂಸು ಅಳುತ್ತಿತ್ತು. ಬಾಗಿಲು ತಟ್ಟಲಾರದೆ ಹಿಂದಿರುಗಿದ. ಇನ್ನೊಂದು ಸಲ ಹೇಳಬೇಕಿತ್ತು ಎಂದು ಬದುಕಿರುವವರೆಗೂ ಅನ್ನುತ್ತಲೇ ಇದ್ದ.

ಶಿಷ್ಯ ಕೇಳಿದ: “ಹಾಗಾದರೆ ತಪ್ಪು ಯಾರದು, ಗುರುಗಳೇ?”

“ಫೋನ್ ಬಂದ ಮೇಲೆ ಮಧ್ಯಾಹ್ನದವರೆಗೂ ಅವರಿಬ್ಬರೂ ಇದನ್ನೇ ವಾದಿಸುತ್ತ ಕುಳಿತಿದ್ದರು” ಎಂದರು ಗುರುಗಳು.